ಬರಣಿಯ ತಳದಲ್ಲಿ ಮಲಗಿದ ಮೀನು

೧೯೪೨ನೆಯ ಇಸವಿ ಡಿಸೆಂಬರ್ ತಿಂಗಳ ಎರಡನೆಯ ಸೋಮವಾರ ಬೆಳಿಗ್ಗೆ, ಅಫಜಲಪುರದಲ್ಲಿ ನನ್ನ ಸೋದರತ್ತೆಯ ಮನೆಯ ಗಾಜಿನ ಬರಣಿಯಲ್ಲಿದ್ದ ಮೀನು ತಳಕ್ಕೆ ಇಳಿದು ಮಲಗಿತು. ಕನ್ನಡಿ ತೋರಿಸಿದರೂ ಏಳಲಿಲ್ಲ.

ಮನೆಯಲ್ಲಿ ಆಗ ಮೂವರಿದ್ದೆವು: ಅತ್ತೆ, ಅವರ ಸೊಸೆ ಮತ್ತು ನಾನು. ನಾನು ಊರಿನ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಊಟ, ವಾಸ ಅತ್ತೆಯ ಮನೆಯಲ್ಲಿ. ಸೊಸೆಯನ್ನು ನಾನು ವೈನಿ ಎಂದು ಕರೆಯುತ್ತಿದ್ದೆ. ನನಗಿಂತ ಎರಡು ವರ್ಷ ಚಿಕ್ಕವರು, ಆಳಂದದ ಕಡೆಯವರು. ಅವರ ಗಂಡ, ಅಂದರೆ ಅತ್ತೆಯ ಒಬ್ಬನೇ ಮಗ, ಮುಂಬಯಿಯಿಂದ ಸಿಂಗಪುರದ ಕಡೆ ಹೋಗುವ ಹಡಗೊಂದರ ಅಡಿಗೆಮನೆಯಲ್ಲಿ ಕೆಲಸಕ್ಕಿದ್ದ. ನಾನು ಅವನನ್ನು ಅಣ್ಣ ಎನ್ನುತ್ತಿದ್ದೆ. ಮೀನು ತಂದವನು ಅವನೇ.

ಹಿಂದಿನ ವರ್ಷದ ದೀಪಾವಳಿಗೆ ಅವನು ಎರಡು ಬರಣಿಗಳನ್ನು ಎದೆಗವಚಿಕೊಂಡು ಬಂದಿದ್ದ. ಒಂದು ದುಧನಿ ಸ್ಟೇಶನ್ನಿನಲ್ಲಿ ಇಳಿಯುವಾಗ ಒಡೆಯಿತಂತೆ. ಉಳಿದದ್ದರಲ್ಲಿ ಹೆಬ್ಬೆರಳಿನಷ್ಟು ಉದ್ದದ ಮೀನು, ಮೈ ಕಡುಗೆಂಪು, ನೆರಳಿಗೆ ಹೋದರೆ ನೀಲಿ. ಬಾಲವೂ ರೆಕ್ಕೆಗಳೂ ಮೈಗಿಂತ ದೊಡ್ಡವು. ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿದ್ದವು. ಸಯಾಮದ ಕಡೆ ಈ ಮೀನನ್ನು ಹುಂಜದ ಹಾಗೆ ಕಾದಾಟಕ್ಕೆ ಬಿಡುತ್ತಾರೆ ಎಂದು ಅಣ್ಣ ಹೇಳಿದ. ನಂಬಿಕೆ ಬರಲೆಂದು ತನ್ನ ಗಡ್ಡ ಹೆರೆಯುವ ಕನ್ನಡಿಯನ್ನು ಬರಣಿಗೆ ಆನಿಸಿಟ್ಟ. ಮೀನು ತನ್ನ ರೂಪವನ್ನೇ ಶತ್ರುವೆಂದು ತಿಳಿದು ನಿಂತಲ್ಲೇ ಅರಳಿತು. ಜೋತುಬಿದ್ದಿದ್ದ ರೆಕ್ಕೆಗಳು ಬೀಸಣಿಗೆಯಂತೆ ಬಿಚ್ಚಿಕೊಂಡವು, ಕೆನ್ನೆಯ ಎರಡೂ ಕಡೆ ಕಪ್ಪು ಪೊರೆ ಹೊರಗೆ ಬಂತು. ಅತ್ತೆ ಎರಡು ಹೆಜ್ಜೆ ಹಿಂದೆ ಸರಿದರು.

ಹತ್ತು ದಿನ ಇದ್ದು ಹೊರಟ. ಹೊರಡುವಾಗ ಅತ್ತೆ ಅತ್ತರು. ಅವನಿಗೆ ಅಳು ನೋಡಲಾಗದು, ನಗಿಸಲು ನೋಡುವ ಸ್ವಭಾವ. ಕನ್ನಡಿಯನ್ನು ಬರಣಿಯ ಪಕ್ಕದಲ್ಲೇ ಬಿಟ್ಟು, "ದಿನಾ ಮುಂಜಾನಿ ತೋರಸವ್ವಾ. ಇದು ಅರಳೂ ತನಕಾ ನಿನ್ನ ಮಗಾ ಗಟ್ಟಿ ಅದಾನ ಅಂತ ತಿಳ್ಕೊ" ಅಂದ. ಎಲ್ಲರೂ ನಕ್ಕೆವು. ವೈನಿಗೆ ಮಾತ್ರ ಇನ್ನೊಂದು ಮಾತು ಹೇಳಿದ: ಅನ್ನ, ರೊಟ್ಟಿ ಹಾಕಬೇಡ; ನಿಂತ ನೀರಿನಲ್ಲಿ ತಲೆಕೆಳಗಾಗಿ ನೇತಾಡುವ ಸೊಳ್ಳೆಯ ಮರಿಹುಳು ಹಾಕು.

ಅವನ ಕಡೆಯ ಕಾಗದ ೧೯೪೨ರ ಜನವರಿಯಲ್ಲಿ ಬಂತು. ಮುಂದಿನ ತಿಂಗಳು ಸಿಂಗಪುರ ಜಪಾನಿನವರ ಕೈಗೆ ಹೋಯಿತು. ಆ ಸುದ್ದಿ ನಮ್ಮ ಊರಿಗೆ ತಡವಾಗಿ ತಲುಪಿತು. ಆಮೇಲೆ ಕಾಗದವಿಲ್ಲ. ನಗೆಯ ಮಾತು ಆಗ ಮನೆಯ ಕಟ್ಟಳೆಯಾಯಿತು. ಬೆಳಿಗ್ಗೆ ಮುಖ ತೊಳೆದು ದೇವರಿಗೆ ಕೈ ಮುಗಿದ ಕೂಡಲೇ ಅತ್ತೆ ಕನ್ನಡಿ ಹಿಡಿಯುತ್ತಿದ್ದರು. ಅವರ ಕಣ್ಣಿಗೆ ಪೊರೆ ಬರುತ್ತಿತ್ತು. ಬಣ್ಣ ಕಾಣುತ್ತಿತ್ತು, ಆಕಾರ ಸರಿಯಾಗಿ ಕಾಣುತ್ತಿರಲಿಲ್ಲ. ಆದ್ದರಿಂದ ಪಕ್ಕದಲ್ಲಿ ವೈನಿ ನಿಲ್ಲಬೇಕು. "ಅರಳ್ಯಾನೇನ?" ಎಂದು ಅತ್ತೆ ಕೇಳುವುದು, "ಅರಳ್ಯಾನ್ರಿ ಅತ್ತಿ" ಎಂದು ವೈನಿ ಹೇಳುವುದು. ಮೀನನ್ನು ಅದು ಎನ್ನುವುದನ್ನು ಅತ್ತೆ ಯಾವಾಗ ಬಿಟ್ಟರು ಎಂದು ನನಗೆ ನೆನಪಿಲ್ಲ. ಕೆಲವು ತಿಂಗಳಲ್ಲಿ ನಾನೂ ಬಿಟ್ಟಿದ್ದೆ.

ಆ ಸೋಮವಾರ ವೈನಿ ಉತ್ತರ ಕೊಡಲಿಲ್ಲ. ಅತ್ತೆ ಎರಡನೆಯ ಸಲ ಕೇಳಿದರು. ನಾನು ಒಳಗೆ ಹೋಗಿ ನೋಡಿದೆ. ಮೀನು ತಳದಲ್ಲಿ ಒಂದು ಮಗ್ಗುಲಾಗಿ ಬಿದ್ದಿತ್ತು, ಕಣ್ಣು ತೆರೆದಿತ್ತು. ಸತ್ತಿರಲಿಲ್ಲ, ಕಿವಿರು ಆಡುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ನೆಟ್ಟಗೆ ಮೇಲೆದ್ದು ಬಂದು, ನೀರಿನ ಮೇಲೆ ಬಾಯಿ ಇಟ್ಟು ಗಾಳಿ ನುಂಗಿ, ಯಾರೋ ಕೈಬಿಟ್ಟ ಹಾಗೆ ಮತ್ತೆ ಕೆಳಗೆ ಇಳಿಯಿತು. ಈ ಜಾತಿಯ ಮೀನು ಆಗಾಗ ಮೇಲೆ ಬಂದು ಗಾಳಿ ಕುಡಿಯುತ್ತದೆ ಎಂದು ಅಣ್ಣ ಮೊದಲೇ ಹೇಳಿದ್ದ. ಆದರೆ ಹೀಗೆ ಬಂದು ಹೀಗೆ ಬೀಳುವುದನ್ನು ನಾವು ಯಾರೂ ನೋಡಿರಲಿಲ್ಲ.

ಅತ್ತೆ ಬರಣಿಯ ಮುಂದೆ ಕುಳಿತರು. ಕೆಂಪು ಬಣ್ಣ ಮೇಲೆ ಬರುವುದು, ಕೆಳಗೆ ಹೋಗುವುದು ಅವರಿಗೆ ಕಾಣುತ್ತಿತ್ತು. ಸಂಜೆಯವರೆಗೆ ಅಲ್ಲಿಂದ ಎದ್ದು ಹೋಗಲಿಲ್ಲ. ನಾನು ಶಾಲೆಯಿಂದ ಬಂದಾಗ ಗೋಡೆಗೆ ಹೇಳುವವರ ಹಾಗೆ, "ಮ್ಯಾಲ ಬಂದಾ. ಉಸರ ತುಂಬ್ಕೊಂಡಾ. ಮತ್ತ ಹೋದಾ" ಎನ್ನುತ್ತಿದ್ದರು. ಅಣ್ಣನ ಹಡಗಿನ ಗತಿ ಏನಾಯಿತೆಂದು ಆಗ ನಮಗೆ ಯಾರಿಗೂ ಗೊತ್ತಿರಲಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು.

ಮರುದಿನದಿಂದ ಮೀನಿನ ಚಾಕರಿಯನ್ನು ಅತ್ತೆ ತಮ್ಮ ಕೈಗೆ ತೆಗೆದುಕೊಂಡರು. ಅಲ್ಲಿಯವರೆಗೆ ವೈನಿ ಮೂರು ದಿನಕ್ಕೊಮ್ಮೆ ಬರಣಿಯ ಅರ್ಧ ನೀರು ತೆಗೆದು, ಮಣ್ಣಿನ ಗಡಿಗೆಯ ನೀರು ಹಾಕುತ್ತಿದ್ದರು. ಅತ್ತೆಗೆ ಅದು ಮೈಲಿಗೆಯ ಕೆಲಸವಾಗಿ ಕಂಡಿತು. ಆ ಮನೆಯಲ್ಲಿ ರಾತ್ರಿ ಕಳೆದ ನೀರು ಹಳೆ ನೀರು, ದೇವರಿಗೆ ಸಲ್ಲದು. ಹಳೆಯದಾಗದ ನೀರು ಒಂದೇ, ಸಂಗಮದ ತೀರ್ಥ. ಕಾರ್ತಿಕದಲ್ಲಿ ಅತ್ತೆ ಚೌಡಾಪುರದ ದಾರಿಯಲ್ಲಿ ನಡೆದು ಗಾಣಗಾಪುರಕ್ಕೆ ಹೋಗಿ, ಸಂಗಮದಲ್ಲಿ ತುಂಬಿಸಿ, ಬಾಯಿಗೆ ಅರಗು ಹಾಕಿಸಿ ತಂದ ಒಂದು ದೊಡ್ಡ ತಾಮ್ರದ ತಂಬಿಗೆ ದೇವರ ಮುಂದೆ ಇತ್ತು. ಅದರ ಅರಗು ಒಡೆದರು. ಬರಣಿಯ ನೀರನ್ನೆಲ್ಲ ಚೆಲ್ಲಿ, ತೀರ್ಥ ತುಂಬಿದರು. ತೀರ್ಥ ಕಡಿಮೆಯಾದಷ್ಟೂ ಬಾವಿಯ ನೀರು ಸೇರಿಸಿ ತಂಬಿಗೆಯನ್ನು ಪುನಃ ತುಂಬಿಡುತ್ತಿದ್ದರು; ಒಂದು ಹನಿ ತೀರ್ಥ ಕೂಡಿದರೆ ಕೊಡವೆಲ್ಲ ತೀರ್ಥ. ದಿನಾಲು ಬೆಳಿಗ್ಗೆ ಹೀಗೆ ನಡೆಯಿತು.

ಮೀನು ಇನ್ನಷ್ಟು ಕುಗ್ಗಿತು. ಮೈಯ ಕೆಂಪು ಇಟ್ಟಿಗೆಯ ಬಣ್ಣಕ್ಕೆ ಇಳಿಯಿತು. ರೆಕ್ಕೆಗಳು ಮುದುಡಿ ಮೈಗೆ ಅಂಟಿಕೊಂಡವು. ಅದು ಕುಗ್ಗಿದಷ್ಟೂ ಅತ್ತೆ ಹೆಚ್ಚು ತೀರ್ಥ ಹಾಕಿದರು. ಮನೆಯಲ್ಲಿ ಮಾತು ಕಡಿಮೆಯಾಯಿತು. ವೈನಿ ಪಾತ್ರೆ ಇಡುವಾಗ ಸಪ್ಪಳವಾಗದಂತೆ ಇಡುತ್ತಿದ್ದರು. ಮಧ್ಯಾಹ್ನ, ಬರಣಿ ಇಟ್ಟಿದ್ದ ಗೋಡೆಯ ಮಾಡದ ಮುಂದೆ ಹಾದುಹೋಗುವಾಗ ಮೀನಿನ ಕಣ್ಣು ನಮ್ಮ ಜೊತೆ ತಿರುಗುತ್ತಿತ್ತು, ಮೈ ಅಲುಗುತ್ತಿರಲಿಲ್ಲ.

ವಾರದ ಕೊನೆಗೆ ಜೇವರ್ಗಿಯಿಂದ ಅತ್ತೆಯ ಭಾವ ಬಂದರು. ಗಂಡ ಸತ್ತ ಮೇಲೆ ಅತ್ತೆಯ ಮನೆಯ ಹಿರೇತನ ಅವರದೇ. ಕೆಟ್ಟವರಲ್ಲ, ಲೆಕ್ಕಕ್ಕೆ ಬಾರದ್ದನ್ನು ಸಹಿಸದವರು. ಬರಣಿಯ ಮುಂದೆ ಬಗ್ಗಿ ನೋಡಿದರು, ಕನ್ನಡಿ ಇಟ್ಟು ನೋಡಿದರು. ಆಮೇಲೆ ಪಡಸಾಲೆಗೆ ಬಂದು ಕುಳಿತು ಅತ್ತೆಗೆ ಹೇಳಿದರು: ಹನ್ನೊಂದು ತಿಂಗಳಾಯಿತು, ಕಾಗದವಿಲ್ಲ. ಸತ್ತವನಿಗೆ ಮಾಡಬೇಕಾದದ್ದು ಮಾಡದೆ ಬಿಟ್ಟರೆ ಮನೆಗೆ ಒಳ್ಳೆಯದಲ್ಲ. ಇನ್ನು ಸೊಸೆಯ ಬಳೆ ಇಳಿಸಿ, ಕುಂಕುಮ ಒರೆಸಿ, ಆಳಂದಕ್ಕೆ ಅವಳ ಅಣ್ಣನ ಮನೆಗೆ ಕಳಿಸುವುದೇ ಸರಿ.

ವೈನಿ ಬಾಗಿಲ ಹಿಂದೆ ನಿಂತಿದ್ದರು. ಅವರ ಬಳೆಯ ಸಪ್ಪಳ ನಿಂತದ್ದು ನನಗೆ ಕೇಳಿಸಿತು.

ನಾನು ಮೀನಿನಿಂದ ಇಂಥದ್ದನ್ನು ತೀರ್ಮಾನ ಮಾಡಬಾರದು ಎಂದೆ. ಹಿರಿಯರು ನನ್ನ ಕಡೆ ತಿರುಗಿ, "ಮೀನಿನ ಮಾತ ನಾ ಕೇಳಂವಲ್ಲೋ ಮಾಸ್ತರಾ. ನಿಮ್ಮತ್ತಿ ಕೇಳ್ತಾಳ. ಹನ್ನೊಂದ ತಿಂಗಳ ಅದರ ಮಾತ ಕೇಳೇ ಅಲ್ಲೇನ ಎಲ್ಲಾರೂ ಸುಮ್ಮ ಕುಂತದ್ದು? ಈಗ ಯಾಕ ಬ್ಯಾಡ?" ಎಂದರು. ಅತ್ತೆ, "ಎಳ್ಳಮಾಸಿ ತನಕಾ ಬಿಡ್ರಿ ಭಾವಾ. ಅವತ್ತ ಮುಂಜಾನಿ ಅಂವಾ ಏಳಲಿಲ್ಲಂದ್ರ ನೀವು ಹೇಳ್ದಂಗ" ಎಂದರು. ಎಳ್ಳಮಾವಾಸ್ಯೆಗೆ ಎರಡು ವಾರದ ಮೇಲಿತ್ತು. ಆ ದಿನ ಬರುತ್ತೇನೆಂದು ಹೇಳಿ ಹಿರಿಯರು ಜೇವರ್ಗಿಗೆ ಹೋದರು.

ಮುಂದಿನ ಸೋಮವಾರ ಮಧ್ಯಾಹ್ನ ಅತ್ತೆ ಗುಡಿಗೆ ಹೋದಾಗ ವೈನಿ ನನ್ನನ್ನು ಕರೆದರು. ಕೈಯಲ್ಲಿ ಒಂದು ಬಟ್ಟಲಿತ್ತು. ಬರಣಿಯ ತಳದಿಂದ ಎತ್ತಿದ ಸೊಳ್ಳೆಯ ಮರಿಹುಳುಗಳು ಅದರಲ್ಲಿದ್ದವು, ಎಲ್ಲ ಸತ್ತಿದ್ದವು. ಅತ್ತೆ ತೀರ್ಥ ಹಾಕಿದರೂ ಹುಳು ಹಾಕುವ ಕೆಲಸ ವೈನಿಗೇ ಬಿಟ್ಟಿದ್ದರು. ಹುಳುವನ್ನು ಅವರು ಮುಟ್ಟುತ್ತಿರಲಿಲ್ಲ. ಮೀನು ತಿನ್ನುವುದಿಲ್ಲ, ಅದು ಗೊತ್ತು. ತಿನ್ನದೆ ಬಿಟ್ಟ ಹುಳುಗಳು ಯಾಕೆ ಸಾಯಬೇಕು ಎಂದು ಅವರು ಎರಡು ದಿನದಿಂದ ಯೋಚಿಸುತ್ತಿದ್ದರಂತೆ.

"ದನದ ಬಾನ್ಯಾಗ ವಾರಗಟ್ಲೆ ಆಡ್ಕೋತ ಇರ್ತಾವ. ಗಡಗ್ಯಾಗ ಇರ್ತಾವ. ಇಲ್ಲಿ ಹಾಕಿದ್ರ ಮರುದಿನಾ ಜೀವ ಇರಂಗಿಲ್ಲ. ಮೀನ ಬ್ಯಾನಿ ಬಿದ್ದದ್ದು ಅವರ ಸಲುವಾಗಿ ಅಂತ ಅತ್ತಿ ಅಂತಾರ. ಹುಳದ ಮಗಾ ಯಾವ ಸಮುದ್ರದಾಗ ಅದಾನ್ರಿ ಮಾಸ್ತರ್ರ?"

ನಗಲಿಲ್ಲ. ಬಟ್ಟಲನ್ನು ನನ್ನ ಮುಂದೆ ಇಟ್ಟರು. ಆಮೇಲೆ ದೇವರ ಮುಂದಿನ ತಂಬಿಗೆ ತಂದು ಒಳಗೆ ತೋರಿಸಿದರು. ಹೊರಗೆ ಹುಣಸೆಹಣ್ಣಿನಿಂದ ತಿಕ್ಕಿ ಫಳಫಳ ಹೊಳೆಯುತ್ತಿದ್ದ ತಾಮ್ರ, ಒಳಗೆ ಕೈ ಹೋಗದ ಕುತ್ತಿಗೆಯ ಕೆಳಗೆ ಹಸಿರು ಕಿಲುಬು ಹಿಡಿದಿತ್ತು. ತಾಮ್ರದ ಕೊಡದಲ್ಲಿ ಹುಳು ಆಗುವುದಿಲ್ಲ ಎಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಅದಕ್ಕಾಗಿಯೇ ತಾಮ್ರ ಶ್ರೇಷ್ಠ. ಹುಳುವಿಗೆ ಆಗದ ನೀರು ಮೀನಿಗೆ ಹೇಗೆ ಆದೀತು ಎಂದು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಊಹೆಯ ಮೇಲೆ ನಡೆಯುವುದು ಬೇಡವೆಂದು ಎರಡು ಮಣ್ಣಿನ ಕುಡಿಕೆ ತೆಗೆದುಕೊಂಡೆವು. ಒಂದರಲ್ಲಿ ತಂಬಿಗೆಯ ನೀರು, ಇನ್ನೊಂದರಲ್ಲಿ ಗಡಿಗೆಯ ನೀರು, ಒಂದೊಂದರಲ್ಲಿ ಹತ್ತು ಹುಳು. ಸೌದೆಯ ಹಿಂದೆ ಇಟ್ಟೆವು. ಮರುದಿನ ಶಾಲೆಗೆ ಹೋಗುವ ಮುನ್ನ ನೋಡಿದೆ. ತಂಬಿಗೆಯ ನೀರಿನಲ್ಲಿ ಒಂಬತ್ತು ಸತ್ತಿದ್ದವು, ಒಂದು ಅಲುಗುತ್ತಿತ್ತು. ಗಡಿಗೆಯ ನೀರಿನಲ್ಲಿ ಹತ್ತೂ ಆಡುತ್ತಿದ್ದವು.

ಹಾಗಾದರೆ ತೀರ್ಥ ತೆರೆಯುವ ಮೊದಲೇ, ಆ ಮೊದಲ ಸೋಮವಾರ ಮೀನು ಯಾಕೆ ಮಲಗಿತು? ಅದಕ್ಕೆ ನನಗೆ ಸಿಕ್ಕ ಕಾರಣ ಚಳಿ. ಬರಣಿ ಇದ್ದ ಮಾಡ ಬಡಗಣ ಗೋಡೆಯದು. ಆ ವಾರ ಗಾಳಿ ತಿರುಗಿತ್ತು, ಬೆಳಗಿನ ಹೊತ್ತು ಬರಣಿಯ ಗಾಜು ಮುಟ್ಟಿದರೆ ಬೆರಳು ಜುಮ್ಮೆನ್ನುತ್ತಿತ್ತು. ಬಿಸಿ ಸೀಮೆಯ ಮೀನು. ಚಳಿಗೆ ಮಲಗಿದ್ದು ನಾಲ್ಕು ದಿನದಲ್ಲಿ ಚಳಿ ಇಳಿದರೆ ಏಳುತ್ತಿತ್ತೇನೋ. ಅಷ್ಟರಲ್ಲಿ ಅದಕ್ಕೆ ತೀರ್ಥ ಬಿತ್ತು. ಇದು ನನ್ನ ತರ್ಕ. ಪರೀಕ್ಷಿಸಿ ನೋಡಿದ್ದಲ್ಲ.

ಅತ್ತೆಗೆ ಹೇಳುವುದೋ ಬೇಡವೋ ಎಂಬ ಮಾತು ಬಂತು. ತೀರ್ಥದಿಂದ ಮಗ ಬಳಲಿದ ಎಂದು ಹೇಳಿದರೆ ಅವರು ತಡೆದುಕೊಳ್ಳುವುದಿಲ್ಲ ಎಂದು ವೈನಿ ಹೇಳಿದರು. ಹೇಳಲಿಲ್ಲ. ಆ ದಿನದಿಂದ ಸಂಜೆ ತಂಬಿಗೆಯ ನೀರನ್ನು ವೈನಿ ಹಿತ್ತಲಿನ ತುಳಸಿಗೆ ಹಾಕಿ ಬರಿದು ಮಾಡುತ್ತಿದ್ದರು. ಒಳಗಿನ ಕಿಲುಬನ್ನು ಕೋಲಿಗೆ ಬಟ್ಟೆ ಸುತ್ತಿ ನಾನು ತೆಗೆದೆ. ಬೆಳಿಗ್ಗೆ ಅತ್ತೆ ಏಳುವ ಮುಂಚೆ ಗಡಿಗೆಯ ನೀರು ತುಂಬಿಡುವುದು. ಅತ್ತೆ ಅದನ್ನೇ ತೀರ್ಥವೆಂದು ಹಾಕುತ್ತಿದ್ದರು. ಬರಣಿಯನ್ನು ಒಲೆಯ ಕಟ್ಟೆಯ ಪಕ್ಕಕ್ಕೆ ಸರಿಸಲು ವೈನಿ ಕೇಳಿದರು; "ಅವರಿಗೆ ಥಂಡಿ ಆಗಿದ್ದೀತ್ರಿ ಅತ್ತಿ" ಎಂದರು. ಅತ್ತೆ ಒಪ್ಪಿದರು. ಮೀನನ್ನು ವೈನಿ ಅವರು ಎಂದು ಕರೆದದ್ದು ನಾನು ಕೇಳಿದ ಹಾಗೆ ಅದೇ ಮೊದಲು.

ನಾಲ್ಕನೆಯ ದಿನ ಮೀನು ತಳ ಬಿಟ್ಟು ನಡು ನೀರಿನಲ್ಲಿ ನಿಂತಿತು. ಆರನೆಯ ದಿನ ಒಂದು ಹುಳು ತಿಂದಿತು. ಬಣ್ಣ ನಿಧಾನವಾಗಿ ಮರಳಿತು. ಆದರೆ ಕನ್ನಡಿಗೆ ಅರಳಲಿಲ್ಲ. ಕನ್ನಡಿ ಇಟ್ಟರೆ ಅದರ ಮುಂದೆ ಬಂದು ನಿಂತು ಸುಮ್ಮನೆ ನೋಡುತ್ತಿತ್ತು. ಎದುರಿನವನ ಗುರುತು ಸಿಗದವನ ಹಾಗೆ ಎಂದು ಆಗ ಅನ್ನಿಸಿತ್ತು. ಆ ನೋಟಕ್ಕಿಂತ ಅದು ಮಲಗಿದ್ದೇ ಮೇಲಿತ್ತು ಎಂದು ವೈನಿ ಒಮ್ಮೆ ಹೇಳಿದರು.

ಎಳ್ಳಮಾವಾಸ್ಯೆಯ ದಿನ ಬೆಳಿಗ್ಗೆ ಜೇವರ್ಗಿಯ ಹಿರಿಯರು ಬಂದರು. ಹೊಲಕ್ಕೆ ಒಯ್ಯಲು ಕಡಬು, ಭಜ್ಜಿ, ಸಜ್ಜೆಯ ರೊಟ್ಟಿ ಬುಟ್ಟಿಯಲ್ಲಿ ತುಂಬಿದ್ದವು. ಓಣಿಯ ಬಂಡಿಗಳೆಲ್ಲ ಹೊರಟು, ನಮ್ಮ ಮನೆಯ ಮುಂದಿನ ದಾರಿ ಖಾಲಿಯಾಗಿತ್ತು. ನಾಲ್ವರೂ ಒಲೆಯ ಕಟ್ಟೆಯ ಮುಂದೆ ನಿಂತೆವು. ವೈನಿ ಹೊಸ ಹಸಿರು ಬಳೆ ಹಾಕಿಕೊಂಡಿದ್ದರು. ಯಾವಾಗ ಹಾಕಿಸಿಕೊಂಡರೆಂದು ನನಗೆ ಗೊತ್ತಿಲ್ಲ. ಹಿರಿಯರು ಅದನ್ನು ನೋಡಿದರು.

ಕನ್ನಡಿಯನ್ನು ಅತ್ತೆ ಹಿಡಿದರು. ಮೀನು ಬಂದು ನಿಂತಿತು. ಹಿಂದಿನ ದಿನಗಳ ಹಾಗೆಯೇ ನೋಡುತ್ತಾ ನಿಂತಿತು. ಒಲೆಯಲ್ಲಿ ಒಂದು ಕಟ್ಟಿಗೆ ಉರಿದು ಮುರಿದು ಬಿತ್ತು. ಅತ್ತೆಯ ಕೈ ಸೋತು ಕನ್ನಡಿ ಸ್ವಲ್ಪ ಬಾಗಿತು. ಅದು ಬಾಗಿದಾಗ ಮೀನು ಒಮ್ಮೆಗೆ ಹಿಂದೆ ಸರಿದು, ಬಾಲದಿಂದ ತಲೆಯವರೆಗೆ ಬಿಚ್ಚಿಕೊಂಡಿತು. ಕೆನ್ನೆಯ ಕಪ್ಪು ಪೊರೆ ಹೊರಗೆ ಬಂತು.

"ಅರಳ್ಯಾನೇನ?" ಎಂದರು ಅತ್ತೆ.

ಉತ್ತರ ಕೊಟ್ಟವರು ಹಿರಿಯರು.

"ಅರಳ್ಯಾನವ್ವಾ" ಎಂದರು. ರುಮಾಲು ಸರಿಮಾಡಿಕೊಂಡು ಹೊಲಕ್ಕೆ ಹೊರಡುವ ಬುಟ್ಟಿ ತಾವೇ ಎತ್ತಿಕೊಂಡರು. ಬಳೆಯ ಮಾತನ್ನು ಮತ್ತೆ ಎತ್ತಲಿಲ್ಲ.

ಹಡಗಿನ ಕಂಪನಿಯವರ ಕಾಗದ ೧೯೪೩ರ ಮಾರ್ಚಿನಲ್ಲಿ ಬಂತು. ಇಂಗ್ಲಿಷಿನಲ್ಲಿದ್ದುದರಿಂದ ಟಪಾಲಿನವನು ಅದನ್ನು ಶಾಲೆಗೇ ತಂದು ನನ್ನ ಕೈಗೆ ಕೊಟ್ಟ. ಹಡಗು ಹಿಂದಿನ ವರ್ಷದ ಫೆಬ್ರವರಿಯಲ್ಲೇ, ಸಿಂಗಪುರದಿಂದ ಹೊರಬೀಳುವಾಗ, ಬಾಂಬು ಬಿದ್ದು ಮುಳುಗಿತ್ತು. ಅಡಿಗೆಮನೆಯವರಲ್ಲಿ ಇಬ್ಬರು ದಡ ಸೇರಿದ್ದರು, ಇವನು ಸಿಕ್ಕಿರಲಿಲ್ಲ. ಅಷ್ಟೇ ಇತ್ತು.

ಮಧ್ಯಾಹ್ನ ಅತ್ತೆ ಗುಡಿಗೆ ಹೋಗಿದ್ದಾಗ ವೈನಿಗೆ ಓದಿ ಹೇಳಿದೆ. ಅವರು ದಿನ ಯಾವುದೆಂದು ಕೇಳಿದರು. ಲೆಕ್ಕ ಹಾಕಿದರೆ ಆ ವರ್ಷದ ಶಿವರಾತ್ರಿಯ ಆಸುಪಾಸು. ಶಿವರಾತ್ರಿಯ ಬೆಳಿಗ್ಗೆ ಅವರಿಗೆ ನೆನಪಿತ್ತು. ಉಪವಾಸದ ದಿನ, ಅತ್ತೆ ಮೂರು ಸಲ ಕನ್ನಡಿ ತೋರಿಸಿದ್ದರು, ಮೂರು ಸಲವೂ ಮೀನು ಅರಳಿತ್ತು. ಆಮೇಲೆ ಡಿಸೆಂಬರ್‌ವರೆಗೆ ಒಂದು ದಿನವೂ ತಪ್ಪಿರಲಿಲ್ಲ.

"ಇದರಾಗ ಸತ್ತಾರ ಅಂತ ಬರದಾರೇನ್ರಿ?" ಎಂದು ಕೇಳಿದರು.

"ಸಿಕ್ಕಿಲ್ಲ ಅಂತ ಅದ."

"ಹಂಗಾರ ಸಿಕ್ಕಿಲ್ಲ" ಎಂದರು. ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಚಿದರು. ಅತ್ತೆಗೆ ಓದಿ ಹೇಳುವುದು ನನ್ನ ಕೆಲಸವಾಗಿತ್ತು. ನಾನು ಓದಲಿಲ್ಲ. ಮರುದಿನ ಬೆಳಿಗ್ಗೆ ಒಳಗಿನಿಂದ ಎಂದಿನಂತೆ ಪ್ರಶ್ನೆಯೂ ಉತ್ತರವೂ ಕೇಳಿಸಿದವು. ಮೀನು ಆ ದಿನ ಚೆನ್ನಾಗಿ ಅರಳಿತ್ತು, ನಾನೇ ಹೋಗಿ ನೋಡಿದೆ.

ಆ ವರ್ಷದ ಬೇಸಿಗೆಯಲ್ಲಿ ನನಗೆ ಆಳಂದಕ್ಕೆ ವರ್ಗವಾಯಿತು. ಅತ್ತೆಯ ಎರಡೂ ಕಣ್ಣು ಪೂರ್ತಿ ಹೋದವು ಎಂದು ಕೇಳಿದೆ. ೧೯೪೪ರ ಯುಗಾದಿಗೆ ಹೋದಾಗ ಬರಣಿ ಒಲೆಯ ಕಟ್ಟೆಯ ಮೇಲೆಯೇ ಇತ್ತು. ಬೆಳಿಗ್ಗೆ ನಾನು ಪಡಸಾಲೆಯಲ್ಲಿ ಬೇವು ಬೆಲ್ಲ ತಿನ್ನುತ್ತಿದ್ದಾಗ ಅತ್ತೆಯ ದನಿ ಕೇಳಿತು, "ಅರಳ್ಯಾನೇನ?" ವೈನಿ, "ಅರಳ್ಯಾನ್ರಿ ಅತ್ತಿ" ಎಂದರು. ಎದ್ದು ಹೋಗಿ ನೋಡಿದೆ. ಅತ್ತೆ ಕನ್ನಡಿ ಹಿಡಿದಿದ್ದರು. ನೀರು ತಿಳಿಯಾಗಿತ್ತು. ಬರಣಿಯಲ್ಲಿ ಮೀನು ಇರಲಿಲ್ಲ. ವೈನಿ ನನ್ನ ಮುಖ ನೋಡಿದರು, ಎರಡು ಬೆರಳು ಎತ್ತಿ, ದನಿಯಿಲ್ಲದೆ ತುಟಿಯಲ್ಲೇ ಎರಡು ತಿಂಗಳಾಯಿತು ಎಂದರು.

ಅತ್ತೆ ೧೯೪೭ರಲ್ಲಿ ತೀರಿಕೊಂಡರು. ಜೇವರ್ಗಿಯ ಹಿರಿಯರು ಅದಕ್ಕಿಂತ ಮುಂಚೆಯೇ ಹೋಗಿದ್ದರು. ವೈನಿಯ ಅಣ್ಣ ಎರಡು ಸಲ ಕರೆಯಲು ಹೋದದ್ದನ್ನು, ಅವರು ಬಾರದ್ದನ್ನು ಆಳಂದದಲ್ಲಿ ಅವನ ಬಾಯಿಂದಲೇ ಕೇಳಿದ್ದೇನೆ.

ನಾನು ಆ ಮನೆಗೆ ಕೊನೆಯ ಸಲ ಹೋದದ್ದು ೧೯೪೯ರ ಮೇ ತಿಂಗಳಲ್ಲಿ. ವೈನಿಯ ಕೈಯಲ್ಲಿ ಹಸಿರು ಬಳೆಗಳಿದ್ದವು, ಹಣೆಯಲ್ಲಿ ಕುಂಕುಮವಿತ್ತು. ಬರಣಿ ಒಲೆಯ ಕಟ್ಟೆಯ ಮೇಲಿತ್ತು, ಅದಕ್ಕೆ ಆನಿಸಿ ಕನ್ನಡಿ ಇತ್ತು. ಸಂಜೆ ಅವರು ದನದ ಬಾನಿಯಿಂದ ಬಟ್ಟಲಲ್ಲಿ ತಂದು ಹಾಕಿದ ಮರಿಹುಳುಗಳು ನೀರಿನಲ್ಲಿ ಆಡುತ್ತಿದ್ದವು. ಎಣಿಸಿದೆ, ಹದಿನಾಲ್ಕು. ಮೀನು ಇರಲಿಲ್ಲ. ಮರುದಿನ ಬೆಳಿಗ್ಗೆ ನಾನು ಹೊರಡುವಾಗ ಬರಣಿಯಲ್ಲಿ ನೀರು ಅಷ್ಟೇ ಇತ್ತು, ತಳದಲ್ಲಿ ಸತ್ತು ಬಿದ್ದದ್ದೂ ಸೇರಿ ಹುಳು ಒಂದೂ ಇರಲಿಲ್ಲ.